ಮುರಿಯದ ಎಲುಬಿನ ರಕ್ತ

ರಕ್ತ ತೆಗೆಯುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಸ್ನಾನ ಮಾಡದೆ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮದು ಪೌರೋಹಿತ್ಯದ ಮನೆತನ. ಮಾವನವರು ಪಂಚಾಂಗ ನೋಡಿ ಬೈಲಹೊಂಗಲದ ಅರ್ಧ ಊರಿಗೆ ಮುಹೂರ್ತ ಹೇಳುತ್ತಿದ್ದರು. ಅವರ ಸೊಸೆ ಉಳಿದರ್ಧ ಊರಿನ ತೋಳಿಗೆ ರಬ್ಬರು ಪಟ್ಟಿ ಕಟ್ಟಿ ಸೂಜಿ ಚುಚ್ಚುತ್ತಿದ್ದಳು. ಇಪ್ಪತ್ತೆರಡು ವರ್ಷ ಕಳೆದವು. ಈಗ ಅತ್ತೆಗೆ ಕಣ್ಣು ಮಂಜಾಗಿದೆ, ಮಡಿಯೂ ಸ್ವಲ್ಪ ಸಡಿಲವಾಗಿದೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಇವತ್ತು ಯಾರ ರಕ್ತ ಏನು ಹೇಳಿತು ಎಂದು ಕೇಳುತ್ತಾರೆ. ಯಾರದೆಂದು ಹೇಳುವುದಿಲ್ಲ, ಏನೆಂದು ಹೇಳುತ್ತೇನೆ. ಅವರು ಮಗ್ಗುಲಲ್ಲಿ ಕುಳಿತು ಪುರಾಣ ಕೇಳಿದಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ.

ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ನನ್ನ ಹತ್ತಿರ ರಕ್ತ ಕೊಟ್ಟವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಕೈ ಸಡಿಲ ಬಿಡಿ ಎಂದು ಎರಡು ಸಲ ಹೇಳುತ್ತೇನೆ, ಮೂರನೇ ಸಲ ಬೈಯುತ್ತೇನೆ. ಆದರೆ ಟ್ಯೂಬಿನ ಮೇಲೆ ಹೆಸರು ಬರೆಯುವಾಗ ನಾನು ಯಾರ ಜೊತೆಗೂ ಮಾತಾಡುವುದಿಲ್ಲ, ಫೋನು ಎತ್ತುವುದಿಲ್ಲ. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗುವುದೆಂದರೆ ನನ್ನ ಮಟ್ಟಿಗೆ ಮಹಾಪಾಪ. ಅಂಥದ್ದು ನನ್ನ ಕೈಯಿಂದ ಒಮ್ಮೆಯೂ ಆಗಿಲ್ಲ ಎಂಬ ಸೊಕ್ಕು ನನಗಿತ್ತು, ಸ್ವಲ್ಪ ಹೆಚ್ಚೇ ಇತ್ತು.

ಎರಡು ವರ್ಷದ ಹಿಂದೆ ಬೆಳಗಾವಿಯ ಒಂದು ಪ್ರಯೋಗಾಲಯದಿಂದ ಒಬ್ಬ ಡಾಕ್ಟರು ನಮ್ಮ ಲ್ಯಾಬಿಗೆ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕ ಹೆಣ್ಣುಮಗಳು, ದಪ್ಪ ಕನ್ನಡಕ, ತಂದಿಟ್ಟ ಚಹಾ ಆರಿ ಕೆನೆಗಟ್ಟುವವರೆಗೆ ಮಾತಾಡುವ ಸ್ವಭಾವ. ಕಾಲಿನ ಎಲುಬು ಮುರಿದು ಬೆಳಗಾವಿಯಲ್ಲಿ ರಾಡು ಹಾಕಿಸಿಕೊಂಡ ರೋಗಿಗಳ ರಕ್ತವನ್ನು ಅವರು ವಾರ ವಾರ ಪರೀಕ್ಷಿಸುತ್ತಿದ್ದರು. ಆಸ್ಪತ್ರೆಯಲ್ಲಿರುವವರೆಗೆ ಅಲ್ಲಿನ ನರ್ಸುಗಳೇ ರಕ್ತ ತೆಗೆಯುತ್ತಿದ್ದರು. ಮನೆಗೆ ಹೋದ ಮೇಲೆ ರೋಗಿಗಳು ಕೈಗೆ ಸಿಗುತ್ತಿರಲಿಲ್ಲ. ಅದಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಕಡೆ ವಾರಕ್ಕೊಂದೊಂದು ದಿನ ಕುಳಿತು ರಕ್ತ ಸಂಗ್ರಹಿಸಿ ಕಳಿಸುವವರು ಬೇಕಾಗಿತ್ತು. ಬಸ್ಸಿನಲ್ಲಿ ಐಸ್ ಡಬ್ಬಿ ಹೊತ್ತು ತಿರುಗಬೇಕು, ಆಗುತ್ತದೆಯೇ ಎಂದು ಕೇಳಿದರು. ಮನೆ ಬಿಟ್ಟು ತಿರುಗುವುದೆಂದರೆ ನನಗೆ ಮೊದಲಿನಿಂದ ಇಷ್ಟ. ಒಪ್ಪಿಕೊಂಡೆ.

ಏನು ಹುಡುಕುತ್ತಿದ್ದೀರಿ ಎಂದು ಕೇಳಿದಾಗ ಅವರು ನನಗೆ ತಿಳಿಯುವಂತೆ ಹೇಳಿದರು. ಎಲುಬು ಮುರಿದ ಗಳಿಗೆಯಿಂದ ದೇಹ ಸುಮ್ಮನಿರುವುದಿಲ್ಲ. ಪಿತ್ತಜನಕಾಂಗ ಕೆಲವು ಪ್ರೋಟೀನುಗಳನ್ನು ರಾಶಿ ರಾಶಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆಪರೇಷನ್ ಆದ ಎರಡು ಮೂರು ದಿನಕ್ಕೆ ಅವು ಏರುತ್ತವೆ, ಎರಡು ವಾರದ ಹೊತ್ತಿಗೆ ಇಳಿಯುತ್ತವೆ. ಆಮೇಲೆ ಎಲುಬು ಕೂಡಲು ಶುರುವಾದಾಗ ಬೇರೆ ಪ್ರೋಟೀನುಗಳು ತಲೆ ಎತ್ತುತ್ತವೆ, ತಿಂಗಳುಗಟ್ಟಲೆ ಇರುತ್ತವೆ. ನಡುವೆ ರಾಡಿನ ಮಗ್ಗುಲಲ್ಲಿ ನಂಜು ಸೇರಿಕೊಂಡರೆ, ಇಳಿದಿದ್ದ ಮೊದಲಿನವು ಮತ್ತೆ ಏರುತ್ತವೆ. ಎಷ್ಟೋ ಸಲ ಚರ್ಮ ಕೆಂಪಾಗುವ ಮೊದಲೇ, ಜ್ವರ ಬರುವ ಮೊದಲೇ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೊದಲು ಮತ್ತು ಸುಳ್ಳಿಲ್ಲದೆ ಹೇಳುತ್ತದೆ ಎಂಬುದೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಅದನ್ನೇ ಅವರು ಹುಡುಕುತ್ತಿದ್ದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಎಲುಬಿನೊಳಗಿನ ಹುಣ್ಣಿಗೆ ಬೇಕು. ಆ ಕನ್ನಡಿಯನ್ನು ನಾನು ಇಪ್ಪತ್ತು ವರ್ಷದಿಂದ ದಿನವೂ ಕೈಯಲ್ಲಿ ಹಿಡಿದಿದ್ದೆ, ತಿರುಗಿಸಿ ನೋಡಿರಲಿಲ್ಲ. ಸಕ್ಕರೆ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಎಂದು ಬರೆದು ಕಳಿಸಿ ಟ್ಯೂಬು ಬಿಸಾಡುತ್ತಿದ್ದೆ. ಅವರು ಹೋದ ಮೇಲೆ ಒಂದು ಟ್ಯೂಬನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ತೆಗೆದು ಬೆಳಕಿಗೆ ಹಿಡಿದೆ. ಕೆಂಪು ಕೆಳಗೆ ಕೂತು ಮೇಲೆ ತಿಳಿಸಾರಿನಂಥ ನಸುಹಳದಿ ನೀರು ನಿಂತಿತ್ತು. ಒಂದು ಚಮಚದಷ್ಟಿಲ್ಲ. ಅದರಲ್ಲಿ ಸಾವಿರಾರು ಬಗೆಯ ಪ್ರೋಟೀನು, ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದು ಸುದ್ದಿ. ಅಂದು ಅತ್ತೆಗೆ ಇದನ್ನು ಹೇಳಿದೆ. ಅವರು, ಅಷ್ಟೆಲ್ಲ ಇರುವುದನ್ನು ಮುಟ್ಟಿ ಬಂದವಳಿಗೆ ನಾನು ಸ್ನಾನ ಮಾಡು ಅಂದೆನಲ್ಲ ಎಂದರು.

ಅಂದಿನಿಂದ ನನ್ನ ತಿರುಗಾಟ ಶುರುವಾಯಿತು. ಕಿತ್ತೂರಿಗೆ ಎಂ.ಕೆ. ಹುಬ್ಬಳ್ಳಿ ಕಡೆಯ ಕಬ್ಬಿನ ಗಾಡಿಯವರು ಬರುತ್ತಿದ್ದರು. ಹಂಗಾಮಿನಲ್ಲಿ ಅಲ್ಲಿ ಕಾಲು ಮುರಿದುಕೊಳ್ಳುವವರಿಗೆ ಬರವಿಲ್ಲ. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ನೂಕುನುಗ್ಗಲಿನ ನಡುವೆ ಡಬ್ಬಿ ತಲೆಯ ಮೇಲೆ ಹೊತ್ತು ಬಸ್ಸು ಇಳಿಯುತ್ತಿದ್ದೆ. ಡಬ್ಬಿಯಲ್ಲಿ ಕುಲ್ಫಿ ಇದೆಯೇ ಎಂದು ಕಂಡಕ್ಟರು ಪ್ರತಿ ವಾರ ಕೇಳುತ್ತಿದ್ದ, ನಾನು ಪ್ರತಿ ವಾರ ಬೈಯುತ್ತಿದ್ದೆ. ಮುರಗೋಡ ದಾಟಿ ರಾಮದುರ್ಗಕ್ಕೆ ಹೋಗುವ ದಿನ ಎಲ್ಲಕ್ಕಿಂತ ದೂರದ ದಿನ. ಐಸು ಕರಗುವುದರೊಳಗೆ ಮುಗಿಸಿ ಹಿಂತಿರುಗಬೇಕು. ಅಲ್ಲಿ ಒಂದು ಸಣ್ಣ ಆಸ್ಪತ್ರೆಯ ವರಾಂಡದಲ್ಲಿ ನನಗೊಂದು ಮೇಜು, ಎರಡು ಕುರ್ಚಿ ಕೊಟ್ಟಿದ್ದರು.

ಒಂದು ರಾಮದುರ್ಗದ ದಿನ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಬಸ್ಸು ತಡವಾಗಿತ್ತು, ನನ್ನ ತಲೆ ಕೆಟ್ಟಿತ್ತು. ಒಬ್ಬರಾದ ಮೇಲೊಬ್ಬರು ಬೆಳಗಾವಿ ಆಸ್ಪತ್ರೆಯ ಕಾರ್ಡು ಚಾಚಿ ಕೂಡುತ್ತಿದ್ದರು. ತೊರಗಲ್ ಕಡೆಯ ಹಳ್ಳಿಯ ಒಂದು ಕಾರ್ಡು ಬಂತು. ಕಬ್ಬು ಹೇರಲು ಹೋದಾಗ ಟ್ರೇಲರಿನ ಕೊಂಡಿ ಕಾಲ ಮೇಲೆ ಬಿದ್ದು, ಮೊಣಕಾಲ ಕೆಳಗಿನ ಎಲುಬು ಮುರಿದು ಚರ್ಮ ಸೀಳಿ ಹೊರಬಂದಿದ್ದ ರೈತ. ವಯಸ್ಸು ಮೂವತ್ತರ ಆಸುಪಾಸು. ಇದು ನಾಲ್ಕನೇ ವಾರ. ಮೊದಲ ಟ್ಯೂಬುಗಳೆಲ್ಲ ಬೆಳಗಾವಿಯಲ್ಲೇ ಆಗಿದ್ದವು, ನಾನು ಅವನನ್ನು ಕಂಡಿರಲಿಲ್ಲ. ಹೆಸರು ಕೂಗಿದೆ. ಧೋತರ ಉಟ್ಟ ಒಬ್ಬ ಬಂದು ಕುಳಿತ. ತೋಳಿನಲ್ಲಿ ಹಗ್ಗದಂಥ ನರ, ಒಂದೇ ಚುಚ್ಚಿಗೆ ಸಿಕ್ಕಿತು. ಗಾಯ ಹೇಗಿದೆ ಎಂದು ಕೇಳಿದೆ. ಒಣಗೇತ್ರಿ ಎಂದ. ಫಾರಮಿನಲ್ಲಿ ‘ಗಾಯ’ ಎಂಬ ಕಲಮಿನ ಮುಂದೆ ‘ಒಣಗಿದೆ’ ಎಂದು ಬರೆದೆ. ಆ ಕಲಮು ತುಂಬುವ ಮೊದಲು ಬಟ್ಟೆ ಸರಿಸಿ ನೋಡಬೇಕು ಎಂದು ಡಾಕ್ಟರು ನನಗೆ ಮೂರು ಸಲ ಹೇಳಿದ್ದರು. ನಾನು ನೋಡಲಿಲ್ಲ. ಅವನು ಹತ್ತಿ ಒತ್ತಿ ಹಿಡಿದು ಎದ್ದು ಹೋದ. ಮುಂದಿನ ಹೆಸರು ಕೂಗಿದೆ.

ಒಂದು ವಾರದ ನಂತರ ಡಾಕ್ಟರ ಫೋನು ಬಂತು. ರಾಮದುರ್ಗದ ಟ್ಯೂಬುಗಳಲ್ಲಿ ಒಂದು ಅದಲುಬದಲಾಗಿರಬೇಕು, ನೆನಪು ಮಾಡಿಕೊಳ್ಳಿ ಎಂದರು. ನನಗೆ ಉರಿದು ಹೋಯಿತು. ಅದಲುಬದಲು ಮಾಡುವುದು ನಿಮ್ಮ ಲ್ಯಾಬಿನ ಹುಡುಗರ ಕೆಲಸ, ನನ್ನದಲ್ಲ ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೆಲ್ಲಗೆ ಒಂದು ಮಾತು ಹೇಳಿದರು.

“ಈ ಮನುಷ್ಯಾಂದು ಎಲುಬು ಮುರದ ಇಲ್ಲರಿ ಅಕ್ಕಾರ.”

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಅವರು ವಿವರಿಸಿದರು. ನಾಲ್ಕು ವಾರದ ಹಿಂದೆ ಕಾಲು ಮುರಿದವನ ರಕ್ತದಲ್ಲಿ ಎಲುಬು ಕೂಡುವ ಪ್ರೋಟೀನುಗಳು ತುಂಬಿರಬೇಕು. ಇದರಲ್ಲಿ ಯಾವ ಆರೋಗ್ಯವಂತನಲ್ಲೂ ಇರುವಷ್ಟೇ ಇವೆ. ಅದೂ ಅಲ್ಲದೆ, ಕೆಲವು ಪ್ರೋಟೀನುಗಳ ಬಗೆ ಹುಟ್ಟಿನಿಂದ ಸಾಯುವವರೆಗೆ ಒಬ್ಬರಲ್ಲಿ ಬದಲಾಗುವುದಿಲ್ಲ. ಮೊದಲ ಮೂರು ಟ್ಯೂಬಿನವನದು ಒಂದು ಬಗೆ, ಈ ಟ್ಯೂಬಿನವನದು ಇನ್ನೊಂದು. ಅಂದರೆ ಇದು ಬೇರೆಯೇ ಮನುಷ್ಯ. ಗಟ್ಟಿಮುಟ್ಟಾದ, ಇತ್ತೀಚೆಗೆ ಎಲ್ಲೂ ಬಿದ್ದಿರದ, ಎಲ್ಲೂ ಕೊಯ್ಯಿಸಿಕೊಂಡಿರದ ಮನುಷ್ಯ.

ನನ್ನ ಕೋಪ ಎಲ್ಲಿ ಹೋಯಿತೋ. ನೂರು ಕಿಲೋಮೀಟರು ದೂರದಲ್ಲಿ ಕುಳಿತು, ಮುಖ ನೋಡದೆ, ಧ್ವನಿ ಕೇಳದೆ, ಅರ್ಧ ಚಮಚ ಹಳದಿ ನೀರು ನೋಡಿ ಇವನ ಎಲುಬು ಮುರಿದಿಲ್ಲ ಎಂದು ಹೇಳಬಹುದೇ? ಮಾವನವರು ಜಾತಕ ನೋಡಿ ಹೇಳಿದ್ದರಲ್ಲಿ ಅರ್ಧ ನಿಜವಾದರೂ ಜನ ಕಾಲಿಗೆ ಬೀಳುತ್ತಿದ್ದರು. ಇಲ್ಲಿ ಕಾಲಿಗೆ ಬೀಳಬೇಕಾದ್ದು ಯಾರಿಗೆ? ಡಾಕ್ಟರಿಗೋ, ಯಂತ್ರಕ್ಕೋ, ರಕ್ತಕ್ಕೋ? ಹೀಗೆ ಯೋಚಿಸುತ್ತಿರುವಾಗಲೇ ಆ ಮನುಷ್ಯ ಕಣ್ಣ ಮುಂದೆ ಬಂದ. ಹತ್ತಿ ಒತ್ತಿ ಹಿಡಿದು ಎದ್ದದ್ದು, ವರಾಂಡದ ಮೆಟ್ಟಿಲಿಳಿದು ಹೋದದ್ದು. ಕೋಲಿಲ್ಲ, ಕುಂಟಿಲ್ಲ. ನಾಲ್ಕು ವಾರದ ಹಿಂದೆ ಎಲುಬು ಚರ್ಮ ಸೀಳಿ ಹೊರಬಂದವನು ಹಾಗೆ ದಡದಡ ಮೆಟ್ಟಿಲಿಳಿಯುತ್ತಾನೆಯೇ? ಬೆಳಗಾವಿಯಲ್ಲಿ ಕುಳಿತ ಯಂತ್ರಕ್ಕೆ ಕಂಡದ್ದು ಎರಡು ಮೊಳ ದೂರದಲ್ಲಿದ್ದ ನನ್ನ ಕಣ್ಣಿಗೆ ಕಂಡಿರಲಿಲ್ಲ.

ಹಾಗಾದರೆ ನಿಜವಾಗಿ ಕಾಲು ಮುರಿದವನು ಎಲ್ಲಿ, ಹೇಗಿದ್ದಾನೆ? ಡಾಕ್ಟರ ಚಿಂತೆಯೂ ಅದೇ. ಎಲುಬು ಹೊರಬಂದು ಮಣ್ಣು ಮೆತ್ತಿದ ಗಾಯ ಅದು, ನಂಜಿನ ಭಯ ಅಂಥ ಗಾಯಕ್ಕೇ ಹೆಚ್ಚು. ಮೂರನೇ ವಾರದ ಟ್ಯೂಬಿನಲ್ಲೂ ಇಳಿಯಬೇಕಾದ ಪ್ರೋಟೀನು ಪೂರಾ ಇಳಿದಿರಲಿಲ್ಲವಂತೆ. ನಾಲ್ಕನೇ ವಾರದ್ದು ನೋಡಿ ತೀರ್ಮಾನಿಸೋಣ ಎಂದು ಅವರು ಕಾದಿದ್ದರು. ನಂಜು ಇದ್ದು ನಾವು ತಡಮಾಡಿದರೆ ಕಾಲು ಉಳಿಯುವುದು ಕಷ್ಟ ಎಂದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ರಾಮದುರ್ಗದಲ್ಲಿಳಿದು ಟಂಟಂ ಆಟೋ ಹಿಡಿದು ಆ ಹಳ್ಳಿಗೆ ಹೋದೆ. ತೊರಗಲ್ ಕೋಟೆಯ ಗುಡ್ಡ ಕಾಣುವಷ್ಟು ಹತ್ತಿರದ ಊರು. ರಸ್ತೆ ಹೇಗಿತ್ತೆಂದರೆ, ಮುರಿಯದ ಎಲುಬೂ ಮುರಿಯುವಂತಿತ್ತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಲು ಮುರದವರ ಮನಿ ಎಂದು ಕೇಳಿದರೆ ಊರೆಲ್ಲ ದಾರಿ ತೋರಿಸಿತು. ಪಡಸಾಲೆಯಲ್ಲಿ ಮಂಚದ ಮೇಲೆ ಒಬ್ಬ ಮಲಗಿದ್ದ, ಎಡಗಾಲಿನ ಕೆಳಗೆ ಎರಡು ದಿಂಬು. ಕಾರ್ಡಿನಲ್ಲಿದ್ದ ಹೆಸರು ಇವನದೇ. ತಮ್ಮ. ಮಂಚದ ಮಗ್ಗುಲಲ್ಲಿ ಕುಳಿತು ಅವನಿಗೆ ಹೋಳು ಮಾಡಿದ ಪೇರಲಹಣ್ಣು ಕೊಡುತ್ತಿದ್ದವನು ನನಗೆ ರಕ್ತ ಕೊಟ್ಟ ಧೋತರದವನು. ಅಣ್ಣ. ಮೂಗು, ಹುಬ್ಬು, ಗದ್ದ ಎಲ್ಲ ಒಂದೇ ಅಚ್ಚು.

ನನ್ನನ್ನು ಕಂಡು ಅಣ್ಣ ಕಳ್ಳನಂತೆ ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ನಿಂತು, ರಕ್ತ ತಗಿಯೂ ಬಾಯಾರು ನಮ್ಮ ಮನಿಗೆ ಬಂದಾರ ಎಂದು ಒಳಗೆ ಕೂಗಿ ಚಹಾ ಮಾಡಲು ಹೇಳಿದ. ನಾನು ಬಾಯಿಗೆ ಬಂದಂತೆ ಬೈದೆ. ನಿಮ್ಮ ತಮ್ಮನ ಹೆಸರಿಗೆ ನಿಮ್ಮ ರಕ್ತ ಕೊಟ್ಟಿದ್ದೀರಿ, ಇದೇನು ರೇಷನ್ ಅಂಗಡಿಯ ಸಾಲೇ, ಒಬ್ಬರ ಬದಲು ಒಬ್ಬರು ನಿಲ್ಲಲು ಎಂದು ಕೇಳಿದೆ. ಅವನಿಗೆ ನಾನು ಏಕೆ ಸಿಟ್ಟಾಗಿದ್ದೇನೆ ಎಂಬುದೇ ಅರ್ಥವಾಗಲಿಲ್ಲ. ತಮ್ಮ ಈಗಾಗಲೇ ಬಹಳ ರಕ್ತ ಕೊಟ್ಟು ಸೊರಗಿದ್ದಾನೆ, ಟಂಟಂನಲ್ಲಿ ಆ ರಸ್ತೆಯ ಮೇಲೆ ಕಾಲು ಅಲುಗಿದರೆ ಜೀವ ಹೋಗುತ್ತದೆ, ಅದಕ್ಕೆ ನಾನು ಬಂದೆ ಎಂದ. ಅಪ್ಪ ಸತ್ತ ಮೇಲೆ ತಮ್ಮನ ಹೆಸರಿನ ಎಲ್ಲ ಕೆಲಸ ತಾನೇ ಮಾಡಿದ್ದಂತೆ. ಗೊಬ್ಬರಕ್ಕೆ ಸಾಲಿನಲ್ಲಿ ನಿಂತದ್ದು ತಾನು, ಕನ್ಯೆ ನೋಡಲು ಹೋದದ್ದು ತಾನು. ಮೊನ್ನೆ ಕಾಲು ಮುರಿದಾಗ ತಮ್ಮ ಸವದತ್ತಿಯ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದ. ಅದನ್ನೂ ತೀರಿಸಿ ಬಂದದ್ದು ತಾನು.

“ಹರಕಿ ಅವಂದು, ಗುಡ್ಡ ಹತ್ತಿದವ ನಾನು. ತಾಯಿ ಒಲ್ಲೆ ಅನ್ನಲಿಲ್ಲ. ಒಂದ ಹೊಟ್ಟ್ಯಾಗ ಹುಟ್ಟೇವಿ, ಒಂದ ರಕ್ತ. ನನ್ನ ಕೈಯಾಂದು ತೊಗೊಂಡರ ಏನ ಫರಕ ಬೀಳತೈತ್ರಿ ಬಾಯಾರ?”

ಮೋಸ ಮಾಡಿದವನಿಗೆ ಬೈಯಬಹುದು. ಇವನು ಮೋಸ ಮಾಡಿರಲಿಲ್ಲ. ನಮ್ಮ ಕಡೆ ಯಾರದೋ ಹರಕೆಗೆ ಯಾರೋ ಉರುಳುತ್ತಾರೆ, ಯಾರದೋ ಜ್ವರಕ್ಕೆ ಯಾರೋ ಉಪವಾಸ ಮಾಡುತ್ತಾರೆ, ನಾನೂ ಅತ್ತೆಯ ಬದಲು ಎಷ್ಟೋ ಸೋಮವಾರ ಮಾಡಿದ್ದೇನೆ. ದೇವರು ಒಪ್ಪುವುದನ್ನು ನನ್ನ ಟ್ಯೂಬು ಒಪ್ಪುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರು? ಒಬ್ಬೊಬ್ಬರ ರಕ್ತ ಅವರವರ ಮೈಯಲ್ಲಿ ನಡೆದ ಕತೆಯನ್ನೇ ಹೇಳುತ್ತದೆ, ಅಣ್ಣನದು ತಮ್ಮನ ಕತೆ ಹೇಳುವುದಿಲ್ಲ ಎಂದು ಅವನಿಗೆ ಹೇಳಿದೆ. ನಂಬಿದನೋ ಬಿಟ್ಟನೋ, ಇದ್ದರೂ ಇರಬಹುದು ಎಂದು ತಲೆ ಅಲ್ಲಾಡಿಸಿದ.

ಈ ಸಲ ಬಟ್ಟೆ ಸರಿಸಿ ನೋಡಿದೆ. ಗಾಯ ನಿಜಕ್ಕೂ ಒಣಗಿತ್ತು. ಹೊಲಿಗೆಯ ಗುರುತು ಬಿಟ್ಟರೆ ಚರ್ಮ ಚೊಕ್ಕಟ, ಕೆಂಪಿಲ್ಲ, ಸೋರುತ್ತಿಲ್ಲ. ಯಾವ ಹಳ್ಳಿಯ ಯಾವ ಹಿರಿಯರನ್ನು ಕರೆದು ತೋರಿಸಿದರೂ ಚಲೋ ಆಗೇತಿ ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ. ಕೈಯ ಹಿಂಬದಿಯಿಂದ ಮುಟ್ಟಿದಾಗ ಮಾತ್ರ ಬಲಗಾಲಿಗಿಂತ ಈ ಎಡಗಾಲು ಒಂದು ಸ್ವಲ್ಪ ಬೆಚ್ಚಗಿದೆಯೇನೋ ಅನ್ನಿಸಿತು. ನೋವಿದೆಯೇ ಎಂದು ತಮ್ಮನನ್ನು ಕೇಳಿದೆ. ಏನೂ ಇಲ್ಲ ಎಂದು ಗೋಡೆಯ ಕಡೆ ಮುಖ ಮಾಡಿದ. ರಬ್ಬರು ಪಟ್ಟಿ ಕಟ್ಟುವಾಗ ಒಮ್ಮೆ ತೋಳು ಹಿಂದಕ್ಕೆಳೆದುಕೊಂಡ. ಇಷ್ಟು ದೊಡ್ಡ ಗಂಡಸು ಸೂಜಿಗೆ ಹೆದರುತ್ತೀಯಲ್ಲಪ್ಪ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ಅಣ್ಣ ಅವನ ಇನ್ನೊಂದು ಕೈ ಹಿಡಿದುಕೊಂಡು ಕುಳಿತ.

ಆ ಟ್ಯೂಬನ್ನು ನಾನೇ ಬೆಳಗಾವಿಗೆ ಒಯ್ದೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಪ್ರಯೋಗಾಲಯದಲ್ಲಿ ಡಾಕ್ಟರು ನನ್ನನ್ನು ಮಗ್ಗುಲಲ್ಲೇ ಕೂಡಿಸಿಕೊಂಡರು. ನನಗೆ ಕಾಣುವಂತೆ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಅಣ್ಣನದು ನೆಲಕ್ಕೆ ಅಂಟಿಕೊಂಡು ಹೋಗುವ ಸಪಾಟು ಗೆರೆ. ತಮ್ಮನದು ಆಪರೇಷನ್ನಿನ ಹೊತ್ತಿಗೆ ಏರಿತ್ತು, ಎರಡು ವಾರಕ್ಕೆ ಇಳಿಯುತ್ತ ಬಂದಿತ್ತು, ಈಗ ಕಡಿದಾದ ಗುಡ್ಡದಂತೆ ಮತ್ತೆ ಎದ್ದು ನಿಂತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಒಳಗೆ ನಂಜಾಗಿದೆ ಎಂದರು. ಚೊಕ್ಕಟ ಚರ್ಮ, ಜ್ವರವಿಲ್ಲದ ಮೈ, ನಗುನಗುತ್ತ ಪೇರಲ ಹೆಚ್ಚುವ ಅಣ್ಣ ಎಲ್ಲ ನನ್ನ ಕಣ್ಣ ಮುಂದಿದ್ದವು. ಅವುಗಳ ಕೆಳಗೆ, ಎಲುಬಿನ ಕೊಳವೆಯ ಕತ್ತಲಲ್ಲಿ, ಯಾರ ಕಣ್ಣೂ ತಲುಪದ ಕಡೆ ಒಂದು ಕೇಡು ಬೆಳೆಯುತ್ತಿತ್ತು. ಆ ಸುದ್ದಿ ಹೊತ್ತ ರಕ್ತ ಮೈಯೆಲ್ಲ ಸುತ್ತಿ ತೋಳಿಗೂ ಬಂದಿತ್ತು. ಕೇಳುವವರು ಬೇಕಾಗಿತ್ತು, ಅಷ್ಟೇ. ನನಗೆ ಗುಡಿಯಲ್ಲೂ ಅಷ್ಟು ಭಕ್ತಿ ಬಂದದ್ದಿಲ್ಲ, ನಿಜ ಹೇಳುತ್ತೇನೆ.

ಅಂದೇ ಕರೆಸಿಕೊಂಡು ಮರುದಿನ ಕಾಲು ತೆರೆದರು. ರಾಡಿನ ಉದ್ದಕ್ಕೂ ಕೀವು. ತೊಳೆದು, ಹಳೆಯ ರಾಡು ತೆಗೆದು ಬೇರೆ ಹಾಕಿದರು. ಇನ್ನು ಎರಡು ವಾರ ಬಿಟ್ಟಿದ್ದರೆ ಎಲುಬೇ ಸತ್ತುಹೋಗುತ್ತಿತ್ತು, ಮೊಣಕಾಲ ಕೆಳಗೆ ತೆಗೆಯದೆ ಗತಿ ಇರುತ್ತಿರಲಿಲ್ಲ ಎಂದು ಆಪರೇಷನ್ ಮಾಡಿದವರು ಹೇಳಿದರಂತೆ. ಆಗಲೂ ಕಾಲು ಉಳಿಯಿತು ಎಂದು ಹೇಳುವಂತಿರಲಿಲ್ಲ. ಔಷಧಿ ಹಿಡಿಯುತ್ತದೋ ಇಲ್ಲವೋ ಎಂಬುದು ಮುಂದಿನ ವಾರಗಳ ರಕ್ತದಿಂದ ಗೊತ್ತಾಗಬೇಕಿತ್ತು.

ನಾನು ನೋಡಲು ಹೋದ ದಿನ ಅಣ್ಣ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಎದ್ದ, ಮತ್ತೆ ಕುಳಿತ. ನಾನು ಅವರ ಮನೆಯಲ್ಲಿ ಬೈಯುವಾಗ ಅರ್ಥವಾಗದಿದ್ದದ್ದು ಈಗ ಅವನಿಗೆ ಪೂರಾ ಅರ್ಥವಾಗಿತ್ತು. ಒಂದೇ ಪ್ರಶ್ನೆ ಕೇಳಿದ.

“ನನ್ನ ರಕ್ತ ಚಲೋ ಇದ್ದದ್ದ ಅವಗ ಮುಳುವಾತೇನ್ರಿ ಬಾಯಾರ?”

ನಿಮ್ಮ ತಪ್ಪಲ್ಲ, ಬಟ್ಟೆ ಸರಿಸಿ ನೋಡದ ನನ್ನ ತಪ್ಪು ಎಂದು ಹೇಳಿದೆ. ಆ ದಿನ ಎರಡು ಕ್ಷಣ ಬಗ್ಗಿದ್ದರೆ ಅವನ ಕಾಲಲ್ಲಿ ಗಾಯವೇ ಇಲ್ಲವೆಂದು ಕಾಣುತ್ತಿತ್ತು, ಒಂದು ವಾರ ಉಳಿಯುತ್ತಿತ್ತು. ಡಾಕ್ಟರಿಗೂ ಅದನ್ನೇ ಹೇಳಿದ್ದೆ. ಫಾರಮು ಮುಂದಿಟ್ಟುಕೊಂಡು ‘ಒಣಗಿದೆ’ ಎಂಬುದನ್ನು ಹೊಡೆದುಹಾಕಿ ‘ನೋಡಿಲ್ಲ’ ಎಂದು ಬರೆದು ಸಹಿ ಮಾಡಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಭಾರದ ಒಂದು ಶಬ್ದ ನಾನು ಬರೆದಿರಲಿಲ್ಲ. ಅಣ್ಣ ಎಲ್ಲ ಕೇಳಿದ. ಆದರೆ ನನ್ನ ತಪ್ಪಿನಿಂದ ಅವನ ಭಾರವೇನೂ ಇಳಿದಂತೆ ಕಾಣಲಿಲ್ಲ. ನಾ ಹೋಗಬಾರದಿತ್ತು ಎಂದಷ್ಟೇ ಹೇಳಿದ.

ಆಮೇಲೆ ಪ್ರತಿ ವಾರ ತಮ್ಮನ ರಕ್ತ ತೆಗೆದರು. ಅವನನ್ನು ಮನೆಗೆ ಕಳಿಸಿದ ಮೇಲೆ ನಾನೇ ತೆಗೆದೆ. ಮೊದಲ ವಾರ ಗೆರೆ ಇಳಿಯಲಿಲ್ಲ. ಎರಡನೇ ವಾರ ಒಂದಿಷ್ಟು ಬಾಗಿತು. ಪ್ರತಿ ಸಲ ಡಾಕ್ಟರ ಫೋನು ಬರುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ. ಅತ್ತೆ ಕಾಲಿನ ಸುದ್ದಿ ಕೇಳದೆ ಮಲಗುತ್ತಿರಲಿಲ್ಲ. ಮೂರನೇ ವಾರ, ನಾಲ್ಕನೇ ವಾರ ಅದು ಮೆಟ್ಟಿಲಿಳಿಯುವಂತೆ ಇಳಿಯಿತು. ಅದು ಇಳಿಯುತ್ತಿದ್ದಾಗಲೇ ಎಲುಬು ಕೂಡುವ ಪ್ರೋಟೀನು ಏರತೊಡಗಿತು. ಒಂದು ಸಾಯುವುದೂ ಇನ್ನೊಂದು ಹುಟ್ಟುವುದೂ ಒಂದೇ ಟ್ಯೂಬಿನಲ್ಲಿ ಕಾಣುತ್ತಿತ್ತು.

ಆರನೇ ವಾರ ಅಣ್ಣ ತಮ್ಮ ಇಬ್ಬರೂ ರಾಮದುರ್ಗಕ್ಕೆ ಬಂದರು. ತಮ್ಮ ಕೋಲೂರಿಕೊಂಡು ತನ್ನ ಕಾಲ ಮೇಲೆ ತಾನೇ ಬಂದ. ಕಾಲು ಉಳಿಯಿತು ಎಂದು ಡಾಕ್ಟರು ಹಿಂದಿನ ದಿನವೇ ಹೇಳಿದ್ದರು, ಅದನ್ನು ಅವರಿಗೆ ಹೇಳುವ ಭಾಗ್ಯ ನನ್ನದಾಗಿತ್ತು. ಹೇಳಿದೆ. ಅಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡು, ಬಾಯಾರಿಗೆ ಚಹಾ ತರುತ್ತೇನೆ ಎಂದು ಹೊರಗೆ ಹೋದ. ಅವನು ಮೆಟ್ಟಿಲಿಳಿದದ್ದನ್ನು ನೋಡಿಕೊಂಡು ತಮ್ಮ ಬಾಯಿ ಬಿಟ್ಟ. ಅಷ್ಟು ದಿನಗಳಲ್ಲಿ ಅವನು ನನ್ನ ಜೊತೆ ತಾನಾಗಿ ಮಾತಾಡಿದ್ದು ಅದೇ ಮೊದಲು.

“ನಾನ ಕಳಿಸಿದ್ನಿರಿ ಅವನ್ನ. ರಸ್ತಾ ಚಲೋ ಇಲ್ಲ, ಕಾಲ ಅಲಗತೈತಿ ಅಂತ ಸುಳ್ಳ ಹೇಳಿದ್ನಿ. ಸಂಜಿ ಆತಂದ್ರ ಎಲುಬಿನ್ಯಾಗ ಒಳಗ ಕುಟುಕಾಕ ಹತ್ತಿತ್ತು. ವಾರ್ಡಿನ್ಯಾಗ ನನ್ನ ಮಗ್ಗಲ ಮಲಗಿದ್ದವನ ಕಾಲ ಕಡದಿದ್ರು. ರಕ್ತ ಎಲ್ಲಾ ಹೇಳತೈತಿ ಅಂತ ಡಾಕ್ಟರ್ ಬಾಯಾರು ಅಂದಿದ್ರು. ನಂದು ಏನ ಹೇಳತೈತಿ ಅಂತ ನನಗ ಗೊತ್ತಿತ್ತು.”

ಆ ಹಳದಿ ನೀರಿನ ಮಹಿಮೆಯನ್ನು ನಾನು ಹಾಡಿ ಹೊಗಳಿದ್ದೆ, ಡಾಕ್ಟರು ಅದರ ಮೇಲೆ ಆಯುಷ್ಯ ಇಟ್ಟಿದ್ದರು. ನಮ್ಮಿಬ್ಬರಿಗಿಂತ ಹೆಚ್ಚು ಅದನ್ನು ನಂಬಿದವನು ಈ ಮಂಚ ಹಿಡಿದ ರೈತ. ಅದು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಅದರ ಬಾಯಿ ಮುಚ್ಚಿಸಲು ಅಣ್ಣನನ್ನು ಕಳಿಸಿದ್ದ. ಆ ಅಣ್ಣನೋ, ತಮ್ಮ ಕಳಿಸಿದ ಎಂಬ ಒಂದು ಮಾತನ್ನು ನನ್ನ ಮುಂದಾಗಲಿ ಡಾಕ್ಟರ ಮುಂದಾಗಲಿ ಆಡಿರಲಿಲ್ಲ.

ಇದನ್ನು ನನಗಲ್ಲ, ನಿನ್ನ ಅಣ್ಣನಿಗೆ ಹೇಳಬೇಕು ಎಂದೆ. ಬೈಯಲಿಲ್ಲ. ತಮ್ಮ ತಲೆ ತಗ್ಗಿಸಿದ. ಅಷ್ಟರಲ್ಲಿ ಅಣ್ಣ ಮೂರು ಕಪ್ಪು ಚಹಾ ಹಿಡಿದುಕೊಂಡು ಬಂದ. ತಮ್ಮ ಅವನ ಮುಖ ನೋಡದೆ, ಅದೇ ಮಾತನ್ನು ಅದೇ ಕ್ರಮದಲ್ಲಿ, ಮೊದಲಿಂದ ಕೊನೆಯವರೆಗೆ ಹೇಳಿದ. ಅಣ್ಣ ಕಪ್ಪುಗಳನ್ನು ನನ್ನ ಮೇಜಿನ ಮೇಲೆ ಟ್ಯೂಬುಗಳ ನಡುವೆ ಇಟ್ಟ. ಬೇರೆ ದಿನವಾಗಿದ್ದರೆ ನಾನು ಅದಕ್ಕೇ ಕೂಗಾಡುತ್ತಿದ್ದೆ. ಅವನು ತಮ್ಮನ ಕಾಲು ನೋಡಿದ, ನೋಡುತ್ತಲೇ ನಿಂತ. ಸಿಟ್ಟಾಗುತ್ತಾನೆ ಎಂದು ನಾನು ಕಾದೆ, ತಮ್ಮನೂ ಕಾದ.

“ಹೇಳಿದ್ದರ ಬೆನ್ನಮ್ಯಾಲ ಹೊತಗೊಂಡ ಬರತಿದ್ನಲ್ಲೋ” ಎಂದ ಅಣ್ಣ.

ತಮ್ಮ ಅಳತೊಡಗಿದ. ಅಣ್ಣ ಅವನ ಅಂಗಿಯ ತೋಳು ಮೇಲಕ್ಕೆ ಮಡಚಿ, ಕೈಯನ್ನು ನನ್ನ ಮೇಜಿನ ಮೇಲೆ ಇಟ್ಟು ತೊಗೋರಿ ಎಂದ. ನಾನು ಮೊದಲು ಬಗ್ಗಿ ಕಾಲು ನೋಡಿದೆ, ಆಮೇಲೆ ಸೂಜಿ ಎತ್ತಿಕೊಂಡೆ.